ಎರಡು ಡ್ರಮ್ ಕಲ್ಚರ್

ಬ್ರೆಡ್ಡು ತನ್ನಷ್ಟಕ್ಕೆ ತಾನೇ ಉಬ್ಬುತ್ತದೆ ಎಂದು ನಂಬಿದ ಜನರ ನಡುವೆ ಬಾಳುವುದು ಸುಲಭವಲ್ಲ. ನಮ್ಮ ಖರೀದಿ ಅಧಿಕಾರಿಗಳು ಅಂಥವರ ನಡುವೆಯೇ ಮದುವೆಯಾಗಿ, ಮನೆ ಮಾಡಿ, ತಲೆಗೂದಲನ್ನು ಅರ್ಧಕ್ಕರ್ಧ ಕಳೆದುಕೊಂಡಿದ್ದರು.

ಅವರಿಗೆ ಊರಿನ ದೊಡ್ಡ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ಹಿಟ್ಟು, ಸಕ್ಕರೆ, ಎಣ್ಣೆ ಕೊಳ್ಳುವುದಕ್ಕೆ ಅಲ್ಲಿ ಬೇರೆಯವರಿದ್ದರು. ಇವರ ಪಾಲಿಗೆ ಬಂದದ್ದು ಹಿಟ್ಟನ್ನು ಉಬ್ಬಿಸುವ ಯೀಸ್ಟು ಮತ್ತು ಬ್ರೆಡ್ಡನ್ನು ಕೆಲವು ದಿನ ಮೆತ್ತಗಿಡುವ ಎಂಜೈಮು. ಯಾವ ದೇಶದಲ್ಲಿ ಒಳ್ಳೆಯದು ಸಿಗುತ್ತದೆ, ಯಾರು ಮಾತಿಗೆ ತಪ್ಪದೆ ಕಳಿಸುತ್ತಾರೆ, ದಾರಿಯಲ್ಲಿ ಸಾಯದೆ ಬಂದು ಸೇರುತ್ತದೆಯೇ ಎಂದು ವಿಚಾರಿಸಿ ತರಿಸಬೇಕು. ಸಾಯದೆ ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಯೀಸ್ಟಿಗೆ ಜೀವವಿದೆ. ತಣ್ಣಗಿದ್ದರೆ ಮಲಗಿರುತ್ತದೆ, ಸಕ್ಕರೆ ಕಂಡರೆ ಎದ್ದು ಕೂರುತ್ತದೆ, ಶಾಖ ಹೆಚ್ಚಾದರೆ ಪ್ರಾಣ ಬಿಡುತ್ತದೆ. ಒಟ್ಟಿನಲ್ಲಿ ಮನೆಗೆ ಬಂದ ನೆಂಟರಷ್ಟೇ ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದ ವಸ್ತು.

ಇಷ್ಟೆಲ್ಲ ಮಾಡಿಯೂ ಅವರಿಗೆ ನೆಂಟರಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಕಾರಣ ಅವರ ಷಡ್ಡಕ. ಹೆಂಡತಿಯ ತಂಗಿಯ ಗಂಡನಾದ ಈತ ಬ್ಯಾಂಕಿನಲ್ಲಿ ಮ್ಯಾನೇಜರು. ಅತ್ತೆಯ ಮನೆಯ ಊಟದ ಮೇಜಿನಲ್ಲಿ ಯಾವಾಗಲೂ ಎದುರಿಗೇ ಕೂರುತ್ತಿದ್ದ.

"ಏನಣ್ಣಾ, ಹೇಗಿದೆ ನಿಮ್ಮ ಹುಳಿ ಬರಿಸೋ ವ್ಯಾಪಾರ? ಈ ವರ್ಷ ಎಷ್ಟು ಉಬ್ಬಿಸಿದ್ರಿ?" ಎಂದು ಕೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನ ಮಕ್ಕಳು ಇವರನ್ನು ಬನ್ ದೊಡ್ಡಪ್ಪ ಎಂದು ಕರೆಯುತ್ತಿದ್ದರು.

ಒಂದು ಭಾನುವಾರ ಅದೇ ಪ್ರಶ್ನೆ ಬಂದಾಗ ಖರೀದಿ ಅಧಿಕಾರಿಗಳು ಚಮಚ ಕೆಳಗಿಟ್ಟರು.

"ಯೀಸ್ಟು ಗೀಸ್ಟು ಎಲ್ಲ ಹಳೇ ಮಾತು. ನಾನೀಗ ಕಲ್ಚರ್ ವಿಭಾಗದ ಮುಖ್ಯಸ್ಥ. ಹೊರದೇಶದಿಂದ ಕಲ್ಚರ್ ತರಿಸೋ ಜವಾಬ್ದಾರಿ ಪೂರ್ತಿ ನಂದೇ."

ಇದು ಸುಳ್ಳಲ್ಲ. ಜೀವಂತ ಯೀಸ್ಟನ್ನು ಆ ವ್ಯಾಪಾರದವರು ಕಲ್ಚರ್ ಎಂದೇ ಕರೆಯುತ್ತಾರೆ. ವಿಭಾಗದಲ್ಲಿ ಇವರೊಬ್ಬರೇ ಇದ್ದುದರಿಂದ ಮುಖ್ಯಸ್ಥರೂ ಇವರೇ, ಜವಾನರೂ ಇವರೇ. ಆದರೆ ಎಲ್ಲರೂ ತಟ್ಟೆ ಬಿಟ್ಟು ಇವರತ್ತ ತಿರುಗಿದರು. ಷಡ್ಡಕ ಬಾಯಿಗೆ ಹಾಕಿಕೊಂಡಿದ್ದನ್ನು ಅಗಿಯುವುದು ಮರೆತ.

"ನಮ್ಮ ದೊಡ್ಡ ಅಳಿಯಂದಿರಿಗೆ ಕಲ್ಚರ್ ಇದೆ ಅಂತ ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ" ಎಂದರು ಅತ್ತೆ. ಅವರು ಹಾಗೆ ಹೇಳಿದ್ದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಮನುಷ್ಯನಿಗೆ ಒಂದು ಸಲ ಮರ್ಯಾದೆಯ ರುಚಿ ಹತ್ತಿದರೆ ಬಿಡುವುದಿಲ್ಲ. ವಾರದೊಳಗೆ ಅವರ ಮನೆಯ ಬಾಗಿಲಿಗೆ ಹೊಳೆಯುವ ಹಿತ್ತಾಳೆ ಹಲಗೆಯೊಂದು ಬಂತು: 'ಮುಖ್ಯಸ್ಥರು, ಕಲ್ಚರ್ ವಿಭಾಗ.'

"ರೀ, ಯಾಕ್ರೀ ಬೇಕಿತ್ತು ಇದು? ನಾಳೆ ಯಾರಾದ್ರೂ ಬಂದು ಹಾಡಿ ಅಂದ್ರೆ ಏನು ಮಾಡ್ತೀರಿ?" ಎಂದರು ಹೆಂಡತಿ.

"ಯಾರು ಬರ್ತಾರೆ ಬಿಡೇ" ಎಂದರು ಇವರು.

ಬಂದವರು ವಸತಿ ಸಂಘದ ಕಾರ್ಯದರ್ಶಿ. ನಿವೃತ್ತ ಸ್ಟೇಷನ್ ಮಾಸ್ಟರು. ನಿವೃತ್ತರಾದ ಮೇಲೆ ರೈಲುಗಳು ಕೈಬಿಟ್ಟವು, ಆದ್ದರಿಂದ ಮೂರು ಅಂತಸ್ತಿನ ಆ ಕಟ್ಟಡದ ನಿವಾಸಿಗಳನ್ನೇ ಹೊತ್ತಿಗೆ ಸರಿಯಾಗಿ ಹೊರಡಿಸುತ್ತ, ನಿಲ್ಲಿಸುತ್ತ ಕಾಲ ಹಾಕುತ್ತಿದ್ದರು. ಅವರು ಖರೀದಿ ಅಧಿಕಾರಿಗಳನ್ನು ಮೆಟ್ಟಿಲಿನಲ್ಲೇ ತಡೆದರು.

"ಸಾರ್, ನಿಮ್ಮ ಬೋರ್ಡು ನೋಡಿದೆ. ಇಷ್ಟು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದಿದೀವಿ, ಒಂದು ಮಾತು ಹೇಳಬಾರದಿತ್ತಾ?"

"ಹೇಳೋದೇನಿದೆ ಬಿಡಿ. ಏನೋ ಹೊಟ್ಟೆಪಾಡು."

"ದೊಡ್ಡವರು ಹಾಗೇ ಅನ್ನೋದು. ನೋಡಿ ಸಾರ್, ಬರೋ ಶನಿವಾರ ಸಂಜೆ ನಮ್ಮ ಹೊಸ ಹಾಲ್ ಉದ್ಘಾಟನೆ. ಬರೀ ಭಾಷಣ ಇಟ್ರೆ ಜನ ಎದ್ದು ಹೋಗ್ತಾರೆ. ಸ್ವಲ್ಪ ಕಲ್ಚರ್ ಬೇಕಾಗಿತ್ತು."

ಖರೀದಿ ಅಧಿಕಾರಿಗಳ ತಲೆ ತನಗೆ ಗೊತ್ತಿದ್ದ ದಾರಿಯಲ್ಲೇ ಓಡಿತು. ಉದ್ಘಾಟನೆ ಎಂದರೆ ತಿಂಡಿ, ತಿಂಡಿ ಎಂದರೆ ಬನ್ನು, ಬನ್ನು ಎಂದರೆ ಯೀಸ್ಟು. ಸಂಘದವರು ತಾವೇ ಬನ್ನು ಬೇಯಿಸಿ ಹಂಚುತ್ತಾರೆ, ಪಾಪ, ಒಳ್ಳೆಯ ಕೆಲಸ.

"ಅದಕ್ಕೇನಂತೆ, ತರಿಸೋಣ. ಲೈವ್ ಬೇಕಾ, ಡ್ರೈ ಆದ್ರೂ ನಡೆಯುತ್ತಾ?"

ಡ್ರೈ ಎಂದರೆ ಮೊದಲೇ ಚಿತ್ರೀಕರಿಸಿ ಇಟ್ಟದ್ದು ಇರಬೇಕೆಂದು ಕಾರ್ಯದರ್ಶಿಗಳು ಊಹಿಸಿದರು. "ಡ್ರೈ ಬೇಡ ಸಾರ್, ಎಲ್ಲರ ಮನೇಲೂ ಟಿವಿ ಇದೆ. ಲೈವೇ ಬರ್ಲಿ."

"ಲೈವ್ ಆದ್ರೆ ಹೊರದೇಶದ್ದೇ ತರಿಸ್ತೀನಿ. ಆದ್ರೆ ಬಹಳ ಸೂಕ್ಷ್ಮ. ಏಸಿ ರೂಮ್ ಇದೆಯಾ?"

"ಗ್ರೀನ್ ರೂಮಿಗೆ ಹೊಸದಾಗಿ ಹಾಕಿಸಿದೀವಿ."

"ಹಾಗಾದ್ರೆ ಸರಿ. ಶಾಖ ಹೆಚ್ಚಾದ್ರೆ ಕಷ್ಟ, ಅಲ್ಲೇ ಸತ್ತು ಹೋಗ್ತವೆ."

ಕಲಾವಿದರನ್ನು ಇವರು 'ಅವು' ಎನ್ನುವುದನ್ನು ಕೇಳಿ ಕಾರ್ಯದರ್ಶಿಗಳು ಬೆಚ್ಚಿದರು. ಎಷ್ಟು ದೊಡ್ಡ ಅಧಿಕಾರಿಯಿರಬೇಕು! ದನಿ ತಗ್ಗಿಸಿ ಕೇಳಿದರು: "ಊಟಕ್ಕೆ ಏನು ವ್ಯವಸ್ಥೆ ಮಾಡಿಸಲಿ ಸಾರ್?"

"ಊಟಾನಾ? ಸ್ವಲ್ಪ ಸಕ್ಕರೆ, ಉಗುರುಬೆಚ್ಚಗಿನ ನೀರು. ಅಷ್ಟು ಸಿಕ್ಕಿದ್ರೆ ಎದ್ದು ಕುಣೀತವೆ."

"ಕುಣಿತಾನೂ ಇದೆಯಾ!"

"ನೀವೇ ನೋಡ್ತೀರಲ್ಲ. ಪಾತ್ರೆ ಬಿಟ್ಟು ಹೊರಗೆ ಬರ್ತವೆ."

ಪಾತ್ರೆ ಎಂದದ್ದು ಕಾರ್ಯದರ್ಶಿಗಳ ಕಿವಿಗೆ ನಾಟಕದ ಪಾತ್ರ ಎಂದು ಬಿತ್ತು. ಪಾತ್ರ ಬಿಟ್ಟು ಹೊರಗೆ ಬಂದು ಪ್ರೇಕ್ಷಕರ ನಡುವೆ ಕುಣಿಯುವ ಹೊಸ ಪದ್ಧತಿಯ ಬಗ್ಗೆ ಕಾರ್ಯದರ್ಶಿಗಳು ಎಲ್ಲೋ ಓದಿದ್ದರು. ಅವರು ಖರೀದಿ ಅಧಿಕಾರಿಗಳ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಏನು ಕೊಡುತ್ತೀರಿ ಎಂದು ಅವರು ಕೇಳಲಿಲ್ಲ, ಯಾಕೆ ಬೇಕು ಎಂದು ಇವರು ಕೇಳಲಿಲ್ಲ. ಲೋಕದ ದೊಡ್ಡ ದೊಡ್ಡ ಒಪ್ಪಂದಗಳೆಲ್ಲ ಹೀಗೇ ಆಗುವುದಂತೆ.

ಮರುದಿನದ ಹೊತ್ತಿಗೆ ಕಟ್ಟಡಕ್ಕೆ ಕಟ್ಟಡವೇ ಸುದ್ದಿ ತಿಳಿದಿತ್ತು. ಹೊರದೇಶದ ತಂಡ ಬರುತ್ತದೆ, ಬರೀ ಸಕ್ಕರೆ ನೀರು ಕುಡಿದು ಕುಣಿಯುತ್ತದೆ. ಕೆಳಮಹಡಿಯ ದರ್ಜಿಗೆ ಹೊಸ ಬಟ್ಟೆಗಳ ಕೆಲಸ ಕೈತುಂಬ ಬಂತು. ಮೇಲಿನ ಮಹಡಿಯ ಗೃಹಿಣಿಯೊಬ್ಬರು, ಕುಣಿಯುವವರ ಮೈಕಟ್ಟಿನ ಗುಟ್ಟು ಇದೇ ಇರಬೇಕೆಂದು ಊಟ ಬಿಟ್ಟು ಸಕ್ಕರೆ ನೀರು ಕುಡಿಯತೊಡಗಿ ವಾರದ ಕೊನೆಗೆ ಇನ್ನಷ್ಟು ದಪ್ಪಗಾದರು. ಖರೀದಿ ಅಧಿಕಾರಿಗಳ ಹೆಂಡತಿಗೆ ಅಂಗಡಿಯಲ್ಲಿ ಸರದಿ ಬಿಟ್ಟುಕೊಡುವವರು ಹುಟ್ಟಿಕೊಂಡರು. ಅವರಿಗೆ ಏನೋ ಎಡವಟ್ಟಾಗಿದೆ ಎಂಬ ಅನುಮಾನ ಬಂದರೂ, ಸರದಿ ಬಿಟ್ಟುಕೊಟ್ಟವರನ್ನು ನಿಲ್ಲಿಸಿ ವಿಚಾರಣೆ ಮಾಡುವುದು ಸಭ್ಯತೆಯಲ್ಲ ಎಂದು ಸುಮ್ಮನಿದ್ದರು. ತಂಗಿಗೆ ಮಾತ್ರ ಫೋನ್ ಮಾಡಿ, "ಶನಿವಾರ ನೀವಿಬ್ರೂ ಬನ್ನಿ. ನಿಮ್ಮ ಭಾವಂದೇ ಎಲ್ಲಾ ಏರ್ಪಾಡು" ಎಂದರು.

ಈ ಸುದ್ದಿ ಖರೀದಿ ಅಧಿಕಾರಿಗಳ ಕಿವಿಗೆ ಮಾತ್ರ ಬೀಳಲಿಲ್ಲ, ಅವರಿಗೆ ಕಾರ್ಖಾನೆಯಲ್ಲಿ ಬೇರೆಯೇ ಚಿಂತೆ. ಹಳೆಯ ಯೀಸ್ಟು ಪೂರೈಕೆದಾರ ಹೇಳದೆ ಕೇಳದೆ ಬಾಗಿಲು ಮುಚ್ಚಿದ್ದ. ಶೀತಲ ಕೋಣೆಯಲ್ಲಿ ಇದ್ದಬದ್ದ ಯೀಸ್ಟು ಶನಿವಾರ ಮಧ್ಯಾಹ್ನಕ್ಕೆ ಮುಗಿಯುವಂತಿತ್ತು. ಎಂಜೈಮಿನ ಚೀಲಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು, ನಿಜ. ಆದರೆ ಎಂಜೈಮು ಇರುವ ಬ್ರೆಡ್ಡನ್ನು ಮೆತ್ತಗಿಡಬಲ್ಲದೇ ಹೊರತು, ಇಲ್ಲದ ಬ್ರೆಡ್ಡನ್ನು ಮೆತ್ತಗಿಡಲಾರದು.

"ಭಾನುವಾರ ಊರು ಬೆಳಿಗ್ಗೆ ಎದ್ದು ಏನು ತಿನ್ಬೇಕಯ್ಯಾ?" ಎಂದು ಕಾರ್ಖಾನೆಯ ಯಜಮಾನರು ಗುಡುಗಿದರು. ಅವರು ದೊಡ್ಡ ಗಾತ್ರದ, ಮೆತ್ತನೆ ಎದೆಯ ಮನುಷ್ಯ. ಸಿಟ್ಟು ಬಂದರೂ ಸಂತೋಷವಾದರೂ ಅವರಿಗೆ ಅಳು ಬರುತ್ತಿತ್ತು.

"ಹೊಸಬರ ಹತ್ರ ಮಾತಾಡಿದೀನಿ ಸಾರ್. ಹಡಗಿಂದ ಇಳಿದಿದೆ. ಎರಡು ಡ್ರಮ್ಮು, ತಣ್ಣನೆ ಲಾರೀಲಿ ಶನಿವಾರ ಮಧ್ಯಾಹ್ನ ನಮ್ಮ ಗೇಟಲ್ಲಿರುತ್ತೆ" ಎಂದರು ಖರೀದಿ ಅಧಿಕಾರಿಗಳು. ಅದೇ ಲಾರಿಯಲ್ಲಿ ಸಂಘಕ್ಕೆಂದು ಒಂದು ಸಣ್ಣ ಕ್ಯಾನು ಯೀಸ್ಟನ್ನು ಸ್ಯಾಂಪಲ್ ಆಗಿ ಕಳಿಸುವಂತೆಯೂ ಪೂರೈಕೆದಾರರಿಗೆ ಹೇಳಿದ್ದರು.

ಶನಿವಾರ ಮಧ್ಯಾಹ್ನ ಲಾರಿ ಚಾಲಕ ಫೋನ್ ಮಾಡಿದಾಗ ಖರೀದಿ ಅಧಿಕಾರಿಗಳು ಕೆಳಮಹಡಿಯ ದರ್ಜಿಯ ಅಂಗಡಿಯಲ್ಲಿ ಹೊಸ ಕೋಟು ತೊಟ್ಟು ನಿಂತಿದ್ದರು. ಹೊಟ್ಟೆಯ ಬಳಿ ಗುಂಡಿ ಕೂಡುತ್ತಿರಲಿಲ್ಲ.

"ಉಸಿರು ಒಳಗೆ ಎಳ್ಕೊಳ್ಳಿ ಸಾರ್. ಬಿಡಬೇಡಿ. ಬಿಟ್ರೆ ಸೂಜಿ ಚುಚ್ಚುತ್ತೆ" ಎಂದ ದರ್ಜಿ.

ಫೋನಿನಲ್ಲಿ ಚಾಲಕ, "ಸಾರ್, ಡ್ರಮ್ಮು ಎರಡೂ ಸಂಘದ ಹಾಲ್‌ಗೆ, ಕ್ಯಾನು ಕಾರ್ಖಾನೆಗೆ. ಹಾಗೇ ಅಲ್ವಾ?" ಎಂದ.

"ಹೂಂ" ಎಂದರು ಇವರು, ಉಸಿರು ಬಿಡದೆ.

"ಮತ್ತೆ ಫೋನ್ ಮಾಡೋದು ಬೇಡ ತಾನೇ?"

"ಹೂಂ."

ಗುಂಡಿ ಕೂಡಿತು. ಕೋಟು ಚೆನ್ನಾಗಿ ಒಪ್ಪಿತು.

ಸಂಜೆಯ ಹೊತ್ತಿಗೆ ಸಭಾಭವನದ ಹಿಂಬಾಗಿಲಿನಲ್ಲಿ ಆಳೆತ್ತರದ ಎರಡು ಉಕ್ಕಿನ ಡ್ರಮ್ಮುಗಳು ಇಳಿದವು. ಕಾರ್ಯದರ್ಶಿಗಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಂಟಿಸಿದ್ದ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. 'ಜೀವಂತ ಕಲ್ಚರ್. ಅಲುಗಾಡಿಸಬೇಡಿ.'

"ವಾದ್ಯ ಬಂತು. ವಾದ್ಯಗಾರರು ಹಿಂದೆ ಬರ್ತಾರೆ" ಎಂದು ಘೋಷಿಸಿ, ವಾದ್ಯಕ್ಕೆ ಏಸಿ ಯಾಕೆಂದು ಅವನ್ನು ನೇರವಾಗಿ ವೇದಿಕೆಯ ಮೇಲೆ, ದೊಡ್ಡ ದೊಡ್ಡ ದೀಪಗಳ ಕೆಳಗೆ ಇಡಿಸಿದರು. ಏಸಿ ಕೋಣೆಯಲ್ಲಿ ಕಲಾವಿದರಿಗೆಂದು ಸಕ್ಕರೆ ಡಬ್ಬಿ, ಬೆಚ್ಚಗಿನ ನೀರಿನ ಫ್ಲಾಸ್ಕು, ಗಾಜಿನ ಲೋಟಗಳು ಸಾಲಾಗಿ ಕಾದಿದ್ದವು.

ಸಭೆ ಕಿಕ್ಕಿರಿದು ತುಂಬಿತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗಳಾದ ಕಲಾ ವಿಮರ್ಶಕರು. ಅವರಿಗೆ ಅರ್ಥವಾಗದ ಕಲೆ ಇನ್ನೂ ಹುಟ್ಟಿಲ್ಲವೆಂದು ಪ್ರತೀತಿ. ಅವರ ಪಕ್ಕದಲ್ಲಿ ಕೋಟಿನೊಳಗೆ ಬಿಗಿದುಕೊಂಡ ಖರೀದಿ ಅಧಿಕಾರಿಗಳು, ಹೆಂಡತಿ, ನಾದಿನಿ, ಕೊನೆಯಲ್ಲಿ ಷಡ್ಡಕ.

"ಬನ್ನು ಎಲ್ಲೂ ಕಾಣ್ತಿಲ್ವಲ್ಲ" ಎಂದು ಇವರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಯಾವ ಬನ್ನು?" ಎಂದರು ಹೆಂಡತಿ. ಅಷ್ಟರಲ್ಲಿ ಕಾರ್ಯದರ್ಶಿಗಳು ಮೈಕು ಹಿಡಿದರು.

"ಮಹನೀಯರೇ, ನಮ್ಮ ಕಟ್ಟಡದ ಹೆಮ್ಮೆ, ಕಲ್ಚರ್ ವಿಭಾಗದ ಮುಖ್ಯಸ್ಥರು, ನಮಗೋಸ್ಕರ ಹೊರದೇಶದಿಂದ ಕರೆಸಿದ ನೃತ್ಯ ತಂಡ ಈಗ ನಿಮ್ಮ ಮುಂದೆ!"

ಪರದೆ ಸರಿಯಿತು. ವೇದಿಕೆಯ ಮೇಲೆ ಎರಡು ಡ್ರಮ್ಮು. ಬೇರೆ ಏನೂ ಇಲ್ಲ, ಯಾರೂ ಇಲ್ಲ.

ಖರೀದಿ ಅಧಿಕಾರಿಗಳು ಡ್ರಮ್ಮುಗಳನ್ನು ನೋಡಿದರು. ಆ ಚೀಟಿ, ಆ ಬಣ್ಣ, ಆ ಮುಚ್ಚಳ ಅವರಿಗೆ ಚಿರಪರಿಚಿತ. ಹೊಟ್ಟೆಯಲ್ಲಿದ್ದ ಉಸಿರೆಲ್ಲ ಒಮ್ಮೆಲೇ ಹೊರಬಂತು. ಕೋಟಿನ ಗುಂಡಿ ಹಾರಿ ವಿಮರ್ಶಕರ ಮೊಣಕಾಲಿಗೆ ಬಡಿಯಿತು. ವಿಮರ್ಶಕರು ಅದನ್ನೂ ಕಾರ್ಯಕ್ರಮದ ಭಾಗವೆಂದು ತಿಳಿದು ತಲೆದೂಗಿದರು.

"ಅಣ್ಣಾ, ತಂಡ ಎಲ್ಲಿ?" ಎಂದು ಷಡ್ಡಕ ಬಗ್ಗಿ ಕೇಳಿದ.

"ಡ್ರಮ್ಮಲ್ಲಿದೆ" ಎಂದರು ಇವರು. ಅವರ ಬಾಯಿಂದ ಆ ಹೊತ್ತಿಗೆ ಬಂದದ್ದು ಸತ್ಯವೊಂದೇ.

ಸಭೆಯಲ್ಲಿ ಗುಸುಗುಸು ಶುರುವಾಗುವಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆಯಿತು. ಕಾರ್ಖಾನೆಗೆ ಒಂದು ಸಣ್ಣ ಕ್ಯಾನು ಮಾತ್ರ ಬಂದದ್ದನ್ನು ಕಂಡು, ಲಾರಿ ಚಾಲಕನನ್ನು ವಿಚಾರಿಸಿ, ಯಜಮಾನರು ಓಡಿ ಬಂದಿದ್ದರು. ಅವರ ಹಿಂದೆ ಪರೀಕ್ಷಾ ವಿಭಾಗದ ಮೇಡಂ, ಇಬ್ಬರು ಕೆಲಸಗಾರರು. ಎಲ್ಲರೂ ಪಾಳಿಯ ನಡುವಿಂದ ಎದ್ದು ಬಂದವರು. ಮೈಗೆ ಬಿಳಿ ಕೋಟು, ತಲೆಗೆ ಬಿಳಿ ಟೊಪ್ಪಿಗೆ, ಗದ್ದದ ಕೆಳಗೆ ಜಾರಿಸಿದ ಬಿಳಿ ಮುಸುಕು, ಕೈಗೆ ನೀಲಿ ಗವಸು.

"ಬಂದ್ರು! ವೇಷ ಹಾಕ್ಕೊಂಡೇ ಬಂದಿದಾರೆ!" ಎಂದು ಕಾರ್ಯದರ್ಶಿಗಳು ಕೂಗಿ ಯಜಮಾನರ ಕೈಗೊಂದು ಹೂಗುಚ್ಛ ತುರುಕಿದರು.

ಚಪ್ಪಾಳೆ ಸಿಡಿಯಿತು. ಯಜಮಾನರು ಹೂಗುಚ್ಛ ಹಿಡಿದುಕೊಂಡೇ ಡ್ರಮ್ಮಿನ ಮೇಲೆ ಅಂಗೈ ಇಟ್ಟು ನೋಡಿದರು. ಬಿಸಿ. ಮೇಲೆ ಉರಿಯುವ ದೀಪಗಳನ್ನು ನೋಡಿದರು. ಎರಡೂ ಕೈ ಆಕಾಶಕ್ಕೆತ್ತಿ, "ಸತ್ತು ಹೋಯ್ತಾ? ಅಯ್ಯೋ, ಎಲ್ಲಾ ಸತ್ತು ಹೋಯ್ತಾ?" ಎಂದು ಎದೆಯೊಡೆದು ಕೇಳಿದರು.

"ಅಳಬೇಡಿ ಸಾರ್. ಪರೀಕ್ಷೆ ಮಾಡಿಬಿಡೋಣ. ಸಕ್ಕರೆ ಬೇಕು, ಬೆಚ್ಚಗಿನ ನೀರು ಬೇಕು" ಎಂದರು ಮೇಡಂ.

ಕಾರ್ಯದರ್ಶಿಗಳಿಗೆ ತಮ್ಮ ಏರ್ಪಾಡು ಸಾರ್ಥಕವಾದ ಧನ್ಯತೆ. ಡಬ್ಬಿ, ಫ್ಲಾಸ್ಕು, ಲೋಟಗಳನ್ನು ಒಂದು ತಟ್ಟೆಯಲ್ಲಿಟ್ಟು ತಾವೇ ಹೊತ್ತು ತಂದರು. ಮೇಡಂ ಡ್ರಮ್ಮಿನ ಮುಚ್ಚಳ ಬಿಚ್ಚಿದರು. ಕೆನೆಯಂಥ ಯೀಸ್ಟನ್ನು ಉದ್ದನೆಯ ಸೌಟಿನಲ್ಲಿ ಎತ್ತಿ ಮೂಸಿದರು, ಲೋಟಕ್ಕೆ ಸುರಿದರು, ಸಕ್ಕರೆ ನೀರು ಬೆರೆಸಿ ಮೆಲ್ಲಗೆ ತಿರುವಿದರು. ಆಮೇಲೆ ಮಾಡುವಂಥದ್ದು ಏನೂ ಇರಲಿಲ್ಲ. ಕಾಯಬೇಕು. ನಾಲ್ವರೂ ಲೋಟದ ಸುತ್ತ ಬಗ್ಗಿ, ಕಣ್ಣು ಮಿಟುಕಿಸದೆ ನಿಂತರು.

ಕಾಲ ಸರಿಯಿತು. ಸಭೆಯೂ ಕಾದಿತು. ಯಾರೂ ಕೆಮ್ಮಲಿಲ್ಲ. ಮಗುವೊಂದು ಅಳಲು ಬಾಯಿ ತೆರೆದು, ಸುತ್ತಲೂ ನೋಡಿ, ಮುಚ್ಚಿಕೊಂಡಿತು. ಲೋಟದಲ್ಲಿ ಏನೂ ಆಗಲಿಲ್ಲ. ಯಜಮಾನರ ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. ಎರಡನೇ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅವರು ಯಾಕೆ ಅತ್ತರೆಂದು ಅವರನ್ನು ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ. ಖರೀದಿ ಅಧಿಕಾರಿಗಳಂತೂ ತಾವು ಮುಂದೆ ಯಾವ ಊರಿನಲ್ಲಿ ಯಾವ ಕೆಲಸ ಹುಡುಕಬಹುದೆಂದು ಲೆಕ್ಕ ಹಾಕುತ್ತಿದ್ದರು.

ಆಗ ಒಂದು ಗುಳ್ಳೆ ಎದ್ದಿತು.

"ಒಂದು!" ಎಂದರು ಮೇಡಂ.

ಹಿಂದೆಯೇ ಇನ್ನೊಂದು, ಮತ್ತೊಂದು. ನೊರೆ ಕೂಡಿಕೊಂಡಿತು, ಮೆಲ್ಲಗೆ ಏರಿತು, ಲೋಟದ ಅಂಚಿನಲ್ಲಿ ಒಂದು ಕ್ಷಣ ತಡೆದು ನಿಂತು, ಉಕ್ಕಿ ಹೊರಗೆ ಸುರಿಯಿತು.

"ಬದುಕಿದೆ! ಬದುಕಿದೆ ಕಣ್ರೋ!" ಎಂದು ಯಜಮಾನರು ಗಳಗಳ ಅತ್ತು ಮೇಡಂ ತಲೆಯ ಟೊಪ್ಪಿಗೆಗೆ ಮುತ್ತಿಟ್ಟರು. ಕೆಲಸಗಾರರಿಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಪ್ಪಳಿಸಿದರು. ಸಭೆಗೆ ಸಭೆಯೇ ಎದ್ದು ನಿಂತಿತು. ಚಪ್ಪಾಳೆಗೆ ಹೊಸ ಚಾವಣಿಯ ಸುಣ್ಣ ಉದುರಿತು.

ಇದೇ ಸಮಯವೆಂದು ಖರೀದಿ ಅಧಿಕಾರಿಗಳು ವೇದಿಕೆ ಹತ್ತಿ ಮೈಕು ಹಿಡಿದರು.

"ಎಲ್ಲರೂ ನನ್ನನ್ನ ಕ್ಷಮಿಸ್ಬೇಕು. ನಾನು ಯಾವ ಕಲಾವಿದರನ್ನೂ ಕರೆಸಿಲ್ಲ. ಇದು ಯೀಸ್ಟು. ಬ್ರೆಡ್ಡಿಗೆ ಹಾಕೋ ಯೀಸ್ಟು. ನನ್ನ ಕೆಲಸ ಇದನ್ನ ತರಿಸೋದು, ಅಷ್ಟೇ."

ಸಭೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ವಿಮರ್ಶಕರು ಎದ್ದರು.

"ಕೇಳಿದಿರಾ? 'ಇದು ಯೀಸ್ಟು.' ಎಂಥಾ ಮಾತು! ಮನುಷ್ಯ ಹಿಟ್ಟು. ಸಮಾಜ ಒಲೆ. ಕಲೆಯೇ ಯೀಸ್ಟು. ಸತ್ತಿತೆಂದು ನಾವು ಅಳುವಾಗ ಅದು ಗುಳ್ಳೆಯಾಗಿ ಏಳುತ್ತದೆ. ಇಷ್ಟು ಮಾಡಿಯೂ ಈ ಮಹಾನುಭಾವರು 'ನಾನು ತರಿಸಿದವನು, ಅಷ್ಟೇ' ಎನ್ನುತ್ತಾರೆ. ಇದು ವಿನಯ!"

"ವಿನಯ ಅಲ್ಲ ಸಾರ್, ನಿಜವಾಗ್ಲೂ ಯೀಸ್ಟೇ" ಎಂದು ಇವರು ಅಂಗಲಾಚಿದರು.

"ನೋಡಿ, ನೋಡಿ!" ಎಂದರು ವಿಮರ್ಶಕರು.

ಹೆಂಡತಿ ಗಂಡನ ತೋಳು ಹಿಡಿದು ಕೆಳಗಿಳಿಸಿಕೊಂಡರು. "ಸಾಕು ಬನ್ರೀ. ಇನ್ನೂ ನಿಜ ಹೇಳಿದ್ರೆ ಪ್ರಶಸ್ತಿ ಕೊಟ್ಟುಬಿಡ್ತಾರೆ." ಷಡ್ಡಕನ ಕಣ್ಣು ಕೆಂಪಗಾಗಿತ್ತು. ಆತ ಇವರ ಕೈ ಹಿಡಿದು, "ಅಣ್ಣಾ, ಇಷ್ಟು ದಿನ ನಾನು ನಿಮ್ಮನ್ನ ಅರ್ಥಾನೇ ಮಾಡ್ಕೊಂಡಿರ್ಲಿಲ್ಲ" ಎಂದ. ಈಗಲೂ ಮಾಡಿಕೊಂಡಿರಲಿಲ್ಲ ಎಂಬುದನ್ನು ಅವನಿಗೆ ತಿಳಿಸುವ ಶಕ್ತಿ ಇವರಲ್ಲಿ ಉಳಿದಿರಲಿಲ್ಲ. ಡ್ರಮ್ಮುಗಳನ್ನು ಸಭೆಯ ನಡುವಿನ ದಾರಿಯಲ್ಲಿ ಉರುಳುಗಾಡಿಯ ಮೇಲೆ ಸಾಗಿಸಿದಾಗ ಜನ ಎರಡೂ ಕಡೆ ನಿಂತು ಅವನ್ನು ಮುಟ್ಟಿ ನೋಡಿದರು. ರಾತ್ರಿ ಪಾಳಿ ನಡೆಯಿತು. ಭಾನುವಾರ ಊರಿಗೆ ಬ್ರೆಡ್ಡು ಸಿಕ್ಕಿತು.

ಸೋಮವಾರ ಬೆಳಿಗ್ಗೆ ಯಜಮಾನರಿಂದ ಕರೆ ಬಂತು. ಖರೀದಿ ಅಧಿಕಾರಿಗಳು ಮೇಜಿನ ಮೇಲಿದ್ದ ತಮ್ಮ ಟೀ ಲೋಟ, ಬಾಚಣಿಗೆಗಳನ್ನು ಚೀಲಕ್ಕೆ ಹಾಕಿಕೊಂಡು, ಅಪರಾಧಿಯಂತೆ ಅವರ ಕೋಣೆಯೊಳಗೆ ಹೋದರು.

"ಬಾಗಿಲು ಹಾಕಯ್ಯಾ" ಎಂದರು ಯಜಮಾನರು. ಇವರು ಹಾಕಿದರು. "ಆ ವಿಮರ್ಶಕರು... ನನ್ನ ಬಗ್ಗೆ ಬೇರೆಯಾಗಿ ಏನಾದ್ರೂ ಅಂದ್ರಾ?"

"ನಿಮ್ಮ ಬಗ್ಗೆನಾ ಸಾರ್?"

"ಅದೇ, ನಾನು ಕೈ ಎತ್ತಿ ಕೇಳಿದ್ನಲ್ಲ, ಆ ಭಾಗ." ಯಜಮಾನರು ಕಿಟಕಿಯ ಕಡೆ ತಿರುಗಿದರು. "ಇಪ್ಪತ್ತು ವರ್ಷದಿಂದ ಈ ಊರಿಗೆ ಬ್ರೆಡ್ಡು ಕೊಡ್ತಿದೀನಿ. ಒಬ್ಬನಾದ್ರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ನಾ? ಪಕ್ಕದ ಬೀದಿ ಸಂಘದವರು ಹೊರಗೆ ಬಂದು ಕೂತಿದಾರೆ. ಅವರಿಗೂ ಒಂದು ದಿನ ಇದೇ ಪ್ರದರ್ಶನ ಬೇಕಂತೆ. ಆಗಲಿ ಅಂದಿದೀನಿ."

ಖರೀದಿ ಅಧಿಕಾರಿಗಳು ಚೀಲವನ್ನು ಎದೆಗವಚಿಕೊಂಡರು.

"ಸಾರ್, ಅದು ನಾಟಕ ಅಲ್ಲ. ಯೀಸ್ಟು ಪರೀಕ್ಷೆ."

"ಅದು ನಿನಗೆ ಗೊತ್ತು, ನನಗೆ ಗೊತ್ತು, ಯೀಸ್ಟಿಗೆ ಗೊತ್ತು" ಎಂದರು ಯಜಮಾನರು. "ಯೀಸ್ಟು ಏನೂ ಹೇಳಲ್ಲ. ನಾನಂತೂ ಹೇಳಲ್ಲ. ಇನ್ನು ಉಳಿದವನು ನೀನೊಬ್ಬ. ಸಮಸ್ಯೆ ಇರೋದೇ ನಿನ್ನಲ್ಲಿ ಕಣಯ್ಯಾ."